ಬಿರಡೆ ಹಾಕುವ ಮುನ್ನ

ನಾನು ಬೀರು ಕುಡಿಯುವವನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲವಾದರೆ ಮುಂದಿನದನ್ನು ಓದಿ ಮೈಸೂರಿನ ನಮ್ಮ ಬೀದಿಯವರು ಏನೇನೋ ಅಂದುಕೊಂಡಾರು.

ಕಳೆದ ವರ್ಷ ಅಮೆರಿಕದ ಪೋರ್ಟ್‌ಲೆಂಡಿನಲ್ಲಿರುವ ಮಗನ ಮನೆಗೆ ಹೋಗಿದ್ದೆ. ಆ ದೇಶದಲ್ಲಿ ಮನೆಬಳಕೆಗೆ ಬೀರು ಹುದುಗಿಸಿಕೊಳ್ಳಲು 1979ರಿಂದ ಕೇಂದ್ರ ಸರ್ಕಾರದ ಅಡ್ಡಿಯಿಲ್ಲ, ಮಾರಬಾರದು, ಅಷ್ಟೆ. ಮಗನಿಗೆ ಅದೇ ಹುಚ್ಚು. ಕಾರು ನಿಲ್ಲಿಸುವ ಕೊಟ್ಟಿಗೆಯ ಅರ್ಧ ಅವನ ಸೀಸೆಗಳಿಗೆ, ಉಳಿದರ್ಧ ಮೊಮ್ಮಗಳ ಸೈಕಲ್ಲಿಗೆ. ಕಾರು ಬೀದಿಯಲ್ಲಿ. ನಾನು ಆ ಕಡೆ ತಲೆ ಹಾಕುತ್ತಿರಲಿಲ್ಲ, ಅವನೂ ಕರೆಯುತ್ತಿರಲಿಲ್ಲ. ನಮ್ಮಿಬ್ಬರ ನಡುವೆ ಆ ವಿಷಯಕ್ಕೆ ಬಿರಡೆ ಬಿದ್ದು ಎಷ್ಟೋ ವರ್ಷಗಳಾಗಿದ್ದುವು.

ಒಂದು ರಾತ್ರಿ ಕೋವಿ ಹಾರಿದಂತಹ ಸದ್ದು. ಓಡಿ ನೋಡಿದರೆ ಸೀಸೆಯೊಂದು ಚೂರುಚೂರಾಗಿದೆ. ಬೆರಳುದ್ದದ ಗಾಜು ಸೈಕಲ್ಲಿನ ಸೀಟಿನಲ್ಲಿ ನಾಟಿಕೊಂಡಿದೆ. ಸಂಜೆ ಮಗು ಅದರ ಮೇಲೆಯೇ ಕುಳಿತಿತ್ತು. ವರ್ಷಗಳಿಂದ ಕೂಡಿಟ್ಟಿದ್ದ ಮಾತೆಲ್ಲ ನನ್ನ ನಾಲಿಗೆಯ ತುದಿಗೆ ಬಂತು. ಮಗನ ಮುಖ ನೋಡಿ ನುಂಗಿಕೊಂಡು, "ಏಕೆ ಹೀಗಾಯಿತು?" ಎಂದಷ್ಟೇ ಕೇಳಿದೆ.

ಅವನು ಲೆಕ್ಕದ ಪುಸ್ತಕ ತಂದ. ಯೀಸ್ಟು ತಿಂದ ಸಕ್ಕರೆಯಲ್ಲಿ ಹೆಚ್ಚುಕಡಮೆ ಅರ್ಧ ತೂಕ ಮದ್ಯಸಾರವಾಗುತ್ತದೆ, ಅರ್ಧ ಇಂಗಾಲಾಮ್ಲ ಅನಿಲವಾಗುತ್ತದೆ. ಹುದುಗು ಪೂರ್ತಿ ಮುಗಿದ ಮೇಲೆ, ನೊರೆಗೆಂದು 19 ಲೀಟರಿಗೆ ಸುಮಾರು 120 ಗ್ರಾಮು ಸಕ್ಕರೆ ತೂಗಿ ಹಾಕಿ ಬಿರಡೆ ಜಡಿಯುವುದು ಕ್ರಮ. ಮುಗಿಯಿತೋ ಇಲ್ಲವೋ ತಿಳಿಯಲು ಹೈಡ್ರೋಮೀಟರು. ಹಾಲಿಗೆ ನೀರು ಬೆರೆತಿದೆಯೇ ಎಂದು ನಾವು ಅದ್ದಿ ನೋಡುತ್ತಿದ್ದ ಲ್ಯಾಕ್ಟೋಮೀಟರಿನ ದಾಯಾದಿ. ಅದು 1.012ಕ್ಕೆ ಇಳಿಯಬೇಕಿತ್ತು. ಇವನು ನೋಡಿದ ದಿನ 1.020. ಗುಳ್ಳೆ ನಿಂತಿತ್ತಲ್ಲ, ಮುಗಿಯಿತೆಂದುಕೊಂಡ. ಚಳಿಗೆ ಮುದುರಿ ಮಲಗಿದ್ದ ಯೀಸ್ಟು ಸೆಕೆ ಬಂದೊಡನೆ ಎದ್ದು, ಬಿರಡೆಯ ಒಳಗೆ ಊಟಕ್ಕೆ ಕುಳಿತಿತು. ಅಲ್ಲಿ ಉಳಿದಿದ್ದ ಸಕ್ಕರೆ ಇವನು ತೂಗಿ ಹಾಕಿದ್ದರ ಎರಡು ಪಟ್ಟಿಗೂ ಮಿಕ್ಕು.

ನಮ್ಮ ತಾಯಿ ಇಡ್ಲಿಹಿಟ್ಟಿನ ಪಾತ್ರೆಯನ್ನು ಅರ್ಧಕ್ಕಿಂತ ಹೆಚ್ಚು ತುಂಬುತ್ತಿರಲಿಲ್ಲ, ಮುಚ್ಚಳವನ್ನೂ ಬಿಗಿಯುತ್ತಿರಲಿಲ್ಲ. ಅದನ್ನು ಹೇಳಿದೆ. ಮಗ ಮೊದಲ ಬಾರಿಗೆ ನಕ್ಕ.

ಉಳಿದ ಸೀಸೆಗಳನ್ನು ಏನು ಮಾಡುವುದು? ಒದ್ದೆ ಕಂಬಳಿ ಹೊದಿಸಿ, ಮೇಲೆ ಐಸು ಸುರಿದೆವು. ತಣ್ಣಗಾದಷ್ಟೂ ಅನಿಲ ದ್ರವದಲ್ಲಿಯೇ ಕರಗಿ ಒತ್ತಡ ತಗ್ಗುತ್ತದಂತೆ. ಬೆಳಿಗ್ಗೆ ಮಗ ಚರ್ಮದ ಕೈಚೀಲ ತೊಟ್ಟು, ಮೋಟಾರ್ ಸೈಕಲ್ಲಿನ ಶಿರಸ್ತ್ರಾಣ ಧರಿಸಿ, ಒಂದೊಂದೇ ಬಿರಡೆಯನ್ನು ಮೆಲ್ಲನೆ ಸಡಿಲಿಸಿದ. ಬಾಗಿಲ ಮರೆಯಿಂದ ನಾನು ಎಣಿಸಿದೆ: ನಲವತ್ತೇಳು. ಒಂದು ಬಿರಡೆ ಸೂರಿಗೆ ಹೊಡೆಯಿತು. ಕೊಟ್ಟಿಗೆಯೆಲ್ಲ ನೊರೆ.

ನಾನು ಹೊರಡುವ ಮುನ್ನ ಅವನು ಇನ್ನೊಂದು ಸಲ ಹುದುಗಿಸಿದ. ಈ ಬಾರಿ ಹೈಡ್ರೋಮೀಟರು ಓದುವ ಕೆಲಸ ನನ್ನದಾಯಿತು. ಕನ್ನಡಕ ಹಾಕಿಕೊಂಡು ಮೂರು ದಿನ ಕೊಟ್ಟಿಗೆಗೆ ಹೋದೆ. 1.012, 1.012, 1.012. ಮಗ ಬಿರಡೆಯ ಡಬ್ಬಿ ಹಿಡಿದು ನಿಂತಿದ್ದ.

"ಇನ್ನೂ ಒಂದು ದಿನ ನೋಡೋಣ" ಎಂದೆ.

ಡಬ್ಬಿಯನ್ನು ಕೆಳಗಿಟ್ಟ.