ಹುಡ್ಡಿಲ್ಲದ ಜೀಪು, ಭರಣಿ ಮಳೆ

ಸಿನಿಮಾದಲ್ಲಿ ಮಳೆ ಬಂದರೆ ಎಷ್ಟು ಚೆಂದ, ಅಲ್ಲವೇ? ಮೇಲೆ ಮುಚ್ಚಿಗೆಯಿಲ್ಲದ ಕಾರು, ಸ್ಟೀರಿಂಗ್ ಹಿಡಿದ ನಾಯಕ, ಪಕ್ಕದಲ್ಲಿ ನೆನೆದ ನಾಯಕಿ, ಹಿನ್ನೆಲೆಯಲ್ಲಿ ಐವತ್ತು ಪಿಟೀಲು! ಆ ಮಳೆ ಟ್ಯಾಂಕರಿನದು, ಪೈಪಿನಿಂದ ಬೀಳುವಂಥದು ಎಂಬುದು ನಮಗೆಲ್ಲ ಗೊತ್ತು. ಇನ್ನೊಂದು ಗುಟ್ಟೂ ಇದೆ. ಎಷ್ಟೋ ದೃಶ್ಯಗಳಲ್ಲಿ ನಾಯಕ ಆ ಕಾರನ್ನು ಓಡಿಸುತ್ತಿರುವುದೇ ಇಲ್ಲ. ಕ್ಯಾಮರಾ ಹೊತ್ತ ಗಾಡಿಯೊಂದು ಮುಂದಿನಿಂದ ಅದನ್ನು ಎಳೆದುಕೊಂಡು ಹೋಗುತ್ತಿರುತ್ತದೆ. ನಾಯಕ ಸುಮ್ಮನೆ ಚಕ್ರ ತಿರುಗಿಸುತ್ತ ನಗುತ್ತಾನೆ, ಅಷ್ಟೆ. ಶಾಟ್ ಮುಗಿದ ಮೇಲೆ ಸೀಟು ಒರೆಸಲು ಹುಡುಗರು ಬೇರೆಯೇ ಇರುತ್ತಾರೆ.

ನನಗೂ ಒಮ್ಮೆ ಅಂಥ ನಾಯಕನ ಪಾತ್ರ ಸಿಕ್ಕಿತು ಸ್ವಾಮಿ! ಮುಂದೆ ಕ್ಯಾಮರಾ ಇರಲಿಲ್ಲ, ಟ್ರ್ಯಾಕ್ಟರ್ ಇತ್ತು. ಪಕ್ಕದಲ್ಲಿ ನಾಯಕಿ ಇರಲಿಲ್ಲ, ಒಂದು ಚೀಲ ನಟ್ಟು ಬೋಲ್ಟು ಇತ್ತು. ಮಳೆ ಮಾತ್ರ ಅಸಲಿ. ಹುಡ್ಡಿಲ್ಲದ ಜೀಪನ್ನು ರಾಣೆಬೆನ್ನೂರಿನಿಂದ ಹಾವೇರಿಗೆ ಎಳೆಸಿಕೊಂಡು ಬಂದ ಕಥೆ ಇದು.

ಮೊದಲು ಜೀಪಿನ ವಿಷಯ. ನಮ್ಮಪ್ಪ ಒಂದು ಟೂರಿಂಗ್ ಟಾಕೀಸಿನಲ್ಲಿ ಕೆಲಸಕ್ಕಿದ್ದರು. ಇಂಥದೇ ಕೆಲಸ ಎಂದೇನಿಲ್ಲ. ಬೆಳಿಗ್ಗೆ ಬೋರ್ಡು ಬರೆಯುವುದು, ಮಧ್ಯಾಹ್ನ ಹಳ್ಳಿ ಹಳ್ಳಿ ತಿರುಗಿ ಮೈಕಿನಲ್ಲಿ ಕೂಗುವುದು, ಸಂಜೆ ಟಿಕೆಟು ಹರಿಯುವುದು, ರಾತ್ರಿ ಗಾಳಿ ಎದ್ದರೆ ಡೇರೆಯ ಹಗ್ಗ ಬಿಗಿಯುವುದು. ಹಾವೇರಿ ಜಿಲ್ಲೆ ಆದದ್ದು 1997ರಲ್ಲಿ. ಆಗ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಧಾರವಾಡ ಜಿಲ್ಲೆಯ ತಾಲ್ಲೂಕುಗಳು. ಆ ಮೂರೂ ತಾಲ್ಲೂಕಿನ ಹಳ್ಳಿಗಳು ಅಪ್ಪನ ದನಿ ಕೇಳಿದ್ದವು. 1973ರ ‘ಗಂಧದ ಗುಡಿ’ ನಮ್ಮ ಡೇರೆಗೆ ಬಂದದ್ದು ತೆರೆಕಂಡು ವರ್ಷಗಟ್ಟಲೆ ಆದ ಮೇಲೆ. ಅರಣ್ಯಾಧಿಕಾರಿ ರಾಜಕುಮಾರ್ ಜೀಪಿನಲ್ಲಿ ಬಂದರೆ ನಾನು ಪಕ್ಕದ ಹುಡುಗನ ಕಿವಿಯಲ್ಲಿ, “ನಮ್ಮಪ್ಪಂದೂ ಅಂಥಾದ ಐತಿ” ಎಂದು ಉಸುರುತ್ತಿದ್ದೆ.

ನಿಜ ಹೇಳಬೇಕೆಂದರೆ ಅದು ಅಪ್ಪನದಲ್ಲ, ಮಾಲೀಕರದು. ವಿಲ್ಲೀಸ್ ನಕ್ಷೆಯ ಸಿಜೆ-3ಬಿ, ಮಹೀಂದ್ರದವರು ನಮ್ಮ ದೇಶದಲ್ಲೇ ಮಾಡಿದ್ದು. ಅದರ ಬಾನೆಟ್ಟು ಎತ್ತರ. ಎತ್ತರದ ಎಂಜಿನ್ ಒಳಗೆ ಕೂಡಲೆಂದು 1953ರಲ್ಲಿ ಅಮೆರಿಕದಲ್ಲಿ ಹಾಗೆ ಬದಲಿಸಿದರು. ಬಲಗಡೆ ಸ್ಟೆಪ್ನಿ ಇದ್ದುದರಿಂದ ಎಡಗಡೆಯ ತಗಡಿನ ಮೇಲೆ ಮಾತ್ರ ಅಪ್ಪ ಕೆಂಪು ಎಣ್ಣೆಬಣ್ಣದಲ್ಲಿ, ಬಿಳಿ ಅಂಚು ಕೊಟ್ಟು, ಎರಡೇ ಮಾತು ಬರೆದಿದ್ದರು: ‘ಇಂದೇ ನೋಡಿರಿ’.

1984ರಲ್ಲಿ ಟಾಕೀಸು ಎತ್ತಿತು. ಅಪ್ಪನಿಗೆ ಹದಿನಾಲ್ಕು ತಿಂಗಳ ಪಗಾರ ಬಾಕಿ. ಮಾಲೀಕರ ಹತ್ತಿರ ದುಡ್ಡಿಲ್ಲ. ಜೀಪು ಕೊಟ್ಟು ಕೈ ಮುಗಿದರು. ಅದನ್ನು ತಂದು ಮನೆ ಮುಂದೆ ನಿಲ್ಲಿಸಿದ ದಿನ ಅವ್ವ ಕೇಳಿದ್ದು ಒಂದೇ ಮಾತು: “ಇದನ್ನ ಕುದಿಸಿ ಉಣ್ಣೂಣೇನು?” ಆ ವರ್ಷ ಅವ್ವನ ಬಳೆಗಳು ಒತ್ತೆ ಹೋದವು, ಮರಳಿ ಬರಲಿಲ್ಲ. ಅವ್ವ ಆ ಜೀಪು ಹತ್ತಲೂ ಇಲ್ಲ. ಅಪ್ಪ ತೀರಿಕೊಂಡ ಮೇಲೆ ಜೀಪು ಹಾವೇರಿಯ ಮನೆಯ ಹಿಂದೆ ಬೇವಿನ ಗಿಡದ ಬುಡದಲ್ಲಿ ಕೋಳಿಗೂಡಾಯಿತು.

ಮಕ್ಕಳ ಓದು, ಸಾಲ ಸೋಲ ಎಲ್ಲ ತೀರಿ ಕೈಯಲ್ಲಿ ನಾಲ್ಕು ಕಾಸು ನಿಂತ ಮೇಲೆ ನನಗೆ ಹುಚ್ಚು ಹತ್ತಿತು. ಜೀಪನ್ನು ರಾಣೆಬೆನ್ನೂರಿಗೆ ಸಾಗಿಸಿ ತಗಡಿನ ಕೆಲಸ ಮಾಡಿಸಿದೆ, ಹೊಸ ಸ್ಪಂಜು ಹಾಕಿ ಸೀಟು ಹೊಲಿಸಿದೆ, ಹಸಿರು ಬಣ್ಣ ಹೊಡೆಸಿದೆ. ಅಪ್ಪನ ಅಕ್ಷರಗಳನ್ನು ಮಾತ್ರ ಮುಟ್ಟಬೇಡ ಎಂದು ಪೇಂಟರನಿಗೆ ಹತ್ತು ಸಲ ಹೇಳಿದ್ದೆ. ಅಪ್ಪನ ಕೈಬರಹ ಎಂದು ನಮ್ಮ ಮನೆಯಲ್ಲಿ ಉಳಿದದ್ದು ಅದೊಂದೇ.

2022ರ ಮೇ ಮೊದಲ ವಾರ. ಹಾವೇರಿಯಲ್ಲಿ ಈ ಹಳೇ ಎಂಜಿನ್ ಬಲ್ಲ ಒಬ್ಬ ಹಿರಿಯ ಮೇಸ್ತ್ರಿ ಇದ್ದರು. “ರವಿವಾರದೊಳಗ ತರ್ರಿ, ಆಮ್ಯಾಲ ನಾ ಮಗಳ ಊರಿಗೆ ಹೊಕ್ಕೀನಿ” ಎಂದರು. ಹುಡ್ ಹೊಲಿಯುವವನು “ನಾಳೆ ಬರ್ರಿ” ಎನ್ನುತ್ತಲೇ ಇದ್ದ. ಕಾಯಲು ದಿನವಿರಲಿಲ್ಲ. ಕಾಕಾನ ಮಗನ ಟ್ರ್ಯಾಕ್ಟರ್ ಇತ್ತು. ಕೆಟ್ಟ ಗಾಡಿಯನ್ನು ಗ್ಯಾರೇಜಿಗೆ ಎಳೆದೊಯ್ಯಲು ನಿಯಮದಲ್ಲಿ ಅವಕಾಶವಿದೆ. ಎರಡರ ನಡುವೆ 5 ಮೀಟರ್ ಮೀರಬಾರದು, ವೇಗ ಗಂಟೆಗೆ 25 ಕಿ.ಮೀ. ದಾಟಬಾರದು, ಹಿಂದೆ ಬೋರ್ಡು ಇರಬೇಕು. ಕಬ್ಬಿಣದ ಬಾರು ಹಾಕಿ ಜೋಡಿಸಿದೆವು, ಬೋರ್ಡು ತೂಗಿಬಿಟ್ಟೆವು, ಗೇರು ಬಿಡಿಸಿ ನಾನು ಸ್ಟೀರಿಂಗಿಗೆ ಕೂತೆ.

ಮಳೆಗೆ ತಯಾರಿ ಮಾಡಿಕೊಂಡಿರಲಿಲ್ಲ ಎನ್ನಬೇಡಿ. ಅಂಗಡಿಯಿಂದ ದೊಡ್ಡದೊಂದು ನೀಲಿ ಪ್ಲಾಸ್ಟಿಕ್ ತಾಡಪತ್ರಿ ತಂದು, ನಾನು ಕೂಡುವ ಜಾಗ ಬಿಟ್ಟು, ಬಾನೆಟ್ಟಿನಿಂದ ಹಿಂದಿನ ಗಾಲಿಯವರೆಗೆ ಇಡೀ ಜೀಪಿಗೆ ಹೊದಿಸಿ ನೈಲಾನ್ ಹಗ್ಗ ಬಿಗಿದಿದ್ದೆ. ಅಕ್ಷರಗಳ ಮೇಲಂತೂ ಎರಡು ಪದರ! ಊರು ದಾಟುವಾಗ ಹುಡುಗರು “ಶೂಟಿಂಗ್ ಐತೇನ್ರಿ?” ಎಂದು ಹಿಂದೆ ಓಡಿ ಬಂದರು. ನಾನೂ ಕೈ ಬೀಸಿದೆ!

ಮೋಟೆಬೆನ್ನೂರು ಹತ್ತಿರ ಬರುತ್ತಿದ್ದಂತೆ ಪಡುವಣ ಕಪ್ಪಾಯಿತು. ಮೊದಲು ಗಾಳಿ, ಆಮೇಲೆ ಭರಣಿ ಮಳೆ. ಧರಣಿಗೆಲ್ಲ ಬೆಳೆ ಕೊಡುವ ಮಳೆ ಎಂದು ರೈತರು ಹಾಡಿ ಹೊಗಳುವ ಅದೇ ಮಳೆ! ಪಕ್ಕದಲ್ಲಿ ಒಂದೊಂದು ಲಾರಿ ಹಾದಾಗಲೂ ತಾಡಪತ್ರಿ ಬುಸ್ಸೆಂದು ಉಬ್ಬಿ, ಮತ್ತೆ ಪಟೀರೆಂದು ತಗಡಿಗೆ ಬಡಿಯುತ್ತಿತ್ತು. ಸೀಟಿನ ಮೇಲೆ ಅದು ಜೋತುಬಿದ್ದ ಕಡೆ ಬಿಂದಿಗೆ ನೀರು ನಿಂತು, ತಿರುವಿನಲ್ಲಿ ಅಷ್ಟೂ ನನ್ನ ಕೊರಳಿಗೆ ಇಳಿಯಿತು. ಬೆನ್ನ ಹಿಂದೆ ಎಡಗಡೆ ಟಕ್, ಟಕ್, ಟಕ್ ಎಂದು ಒಂದೇ ಸಮನೆ ಸದ್ದು. ದಪ್ಪ ಹನಿ ಬೀಳುತ್ತಿರಬೇಕು ಅಂದುಕೊಂಡೆ.

ಹೆದ್ದಾರಿ ಬಿಟ್ಟು ಮರದ ಕೆಳಗೆ ನಿಲ್ಲಿಸಿ ನೋಡುತ್ತೇನೆ, ತಾಡಪತ್ರಿಯ ಅಂಚು ಹರಿದಿದೆ. ಹಗ್ಗ ಪೋಣಿಸುವ ತಗಡಿನ ಕಣ್ಣು ಅಪ್ಪನ ಅಕ್ಷರದ ಮೇಲೆ ಬಡಿದೂ ಬಡಿದೂ, ನಲವತ್ತು ವರ್ಷದ ಒಣ ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದುಹೋಗಿದೆ. ‘ಇಂದೇ ನೋಡಿ’ ಉಳಿದಿತ್ತು. ಕೊನೆಯ ‘ರಿ’ ಇರಲಿಲ್ಲ. ಅದರ ಜಾಗದಲ್ಲಿ ಬರೀ ತಗಡು ಹೊಳೆಯುತ್ತಿತ್ತು. ಎಷ್ಟೋ ಮಳೆಗಾಲ ಬೇವಿನ ಬುಡದಲ್ಲಿ ನೆನೆದು ಉಳಿದ ಅಕ್ಷರವನ್ನು ನಾನು ಅರ್ಧ ಗಂಟೆಯಲ್ಲಿ ಕಳೆದಿದ್ದೆ. ನಾನು ಮಾತಾಡಲಿಲ್ಲ. ತಮ್ಮನೇ ಹೇಳಿದ, “ಅಣ್ಣಾ, ಹಿಂಗ ಹೋದ್ರ ಉಳದದ್ದೂ ಹೊಕ್ಕೈತಿ. ಬ್ಯಾಡಗಿಗೆ ಹೊಡಿತೀನಿ. ನಮ್ಮ ದಲಾಲಿ ಅಂಗಡ್ಯಾಗ ಲಾರಿ ತಾಡಪತ್ರಿ ಸಿಗತೈತಿ.”

ಅಂದು ಗುರುವಾರ, ಬ್ಯಾಡಗಿ ಮಾರುಕಟ್ಟೆಯ ದಿನ. ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ. 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಬಂತು. ಅದರಿಂದ ತೆಗೆದ ಬಣ್ಣದೆಣ್ಣೆ ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ. ನಿಮ್ಮ ಮೆಚ್ಚಿನ ತಾರೆಯ ತುಟಿಯ ಮೇಲೆ ನಮ್ಮೂರ ಮೆಣಸಿನಕಾಯಿ ಕೂತಿದ್ದರೂ ಕೂತಿರಬಹುದು! ಆದರೆ ಈ ಕಾಯಿಗೆ ನೀರು ಸೋಕಿದರೆ ಬೂಸಲು, ಬಣ್ಣ ಹೋಯಿತು, ಬೆಲೆಯೂ ಹೋಯಿತು. ಆದ್ದರಿಂದ ಮಳೆಯಲ್ಲಿ ಸಾಮಾನು ಮುಚ್ಚುವ ವಿದ್ಯೆಯನ್ನು ಅಲ್ಲಿಯ ಹಮಾಲರಿಗೆ ಯಾರೂ ಕಲಿಸಬೇಕಾಗಿಲ್ಲ.

ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದ ಹಿರಿಯ ಹಮಾಲರೊಬ್ಬರು ನನ್ನ ಕಟ್ಟು ನೋಡಿ ಬೀಡಿ ಕೆಳಗಿಟ್ಟರು. “ಯಾರ್ರೀ ಕಟ್ಟಿದವ್ರು ಇದನ್ನ?”

“ನಾನ.”

“ಮಳಿ ಬರಬಾರದು ಅಂತ ಕಟ್ಟೀರೋ, ಜೀಪಿಗೆ ಬಡೀಲಿ ಅಂತ ಕಟ್ಟೀರೋ?”

ನಕ್ಕವರೆಲ್ಲ ನಕ್ಕ ಮೇಲೆ ಅವರು ಅಕ್ಷರಗಳ ಮೇಲೆ ಕೈಯಾಡಿಸಿದರು. “ಇದು ಎಣ್ಣಿ ಬಣ್ಣ. ಮಳಿ ಇದಕ್ಕ ಏನ್ ಮಾಡತೈತ್ರಿ? ಸೀಟಿಗೆ ಮುಚ್ಚರಿ, ಮೀಟರಿಗೆ ಮುಚ್ಚರಿ. ಇದನ್ನ ಬಿಟ್ಟಬಿಡ್ರಿ. ಸಡ್ಲ ತಾಡಪತ್ರಿ ಮಳಿಗಿಂತ ಕೆಟ್ಟ.”

ಗಾಳಿ ಎದ್ದ ರಾತ್ರಿ ಇಂಟರ್ವಲ್ಲಿನಲ್ಲಿ ಅಪ್ಪ ಡೇರೆಯ ಸುತ್ತ ಗೂಟ ಗೂಟಕ್ಕೂ ಬಾಗಿ ಹಗ್ಗ ಎಳೆದು ನೋಡುತ್ತಿದ್ದದ್ದು ಕಣ್ಣ ಮುಂದೆ ಬಂತು. ಕಂದೀಲು ಹಿಡಿದು ಅವರ ಹಿಂದೆ ಓಡಾಡುತ್ತಿದ್ದವನು ನಾನೇ. ಬೆಳಕು ಹಿಡಿದೆ, ವಿದ್ಯೆ ಕಲಿಯಲಿಲ್ಲ!

ಹಮಾಲರು ಮಾಡಿದ್ದನ್ನು ಹೇಳುತ್ತೇನೆ, ತೆರೆದ ಗಾಡಿ ಇರುವವರಿಗೆ ಉಪಯೋಗಕ್ಕೆ ಬಂದೀತು. ಮೊದಲು ಜೀಪಿನ ನೆಲದ ರಂಧ್ರಗಳ ಬಿರಡೆ ತೆಗೆಸಿದರು, ಒಳಗೆ ಬಂದ ನೀರು ಇಳಿದುಹೋಗಲಿ ಎಂದು. ಕಾರ್ಬುರೇಟರ್ ಬಿಚ್ಚಿಟ್ಟಿದ್ದ ಕಡೆ ಎಂಜಿನ್ನಿನ ಬಾಯಿಗೆ ಬಟ್ಟೆ ತುರುಕಿ, ಮೇಲೆ ಪ್ಲಾಸ್ಟಿಕ್ ಸುತ್ತಿದರು. ಮುಂಗಾಜಿನ ಮೇಲಿಂದ ಹಿಂದಿನ ತಗಡಿನವರೆಗೆ ಒಂದು ಬಿದಿರು ಇಳಿಜಾರಾಗಿ ಕಟ್ಟಿದರು, ನೀರು ನಿಲ್ಲದಂತೆ. ದಪ್ಪ ತಾಡಪತ್ರಿಯನ್ನು ಸೀಟುಗಳ ಅಳತೆಗೆ ಮಡಚಿ, ಅಂಚನ್ನು ಹೊರಗೆ ಜೋತುಬಿಡದೆ ತೊಟ್ಟಿಯ ಒಳಕ್ಕೆ ಸಿಕ್ಕಿಸಿದರು. ಎರಡು ತುಂಡು ಸೇರುವ ಕಡೆ ಮುಂದಿನದು ಹಿಂದಿನದರ ಮೇಲೆ ಬರಬೇಕು, ಹೆಂಚು ಹೊದಿಸಿದ ಹಾಗೆ. ಇಲ್ಲದಿದ್ದರೆ ಗಾಳಿ ಬಾಯಿ ಹಾಕುತ್ತದೆ. ಹಳೇ ಟ್ಯೂಬು ಸೀಳಿ ಹಗ್ಗದ ತುದಿಗೆ ಗಂಟು ಹಾಕಿದರು. ಗಾಡಿ ಜಗ್ಗಿದಾಗ ಟ್ಯೂಬು ಹಿಗ್ಗುತ್ತದೆ, ಕಟ್ಟು ಸಡಿಲುವುದಿಲ್ಲ. ನನ್ನ ನೈಲಾನ್ ಹಗ್ಗವನ್ನು ಮಾತ್ರ ಬದಿಗೆ ಒಗೆದರು. ನಾರಿನ ಹಗ್ಗ ನೆನೆದರೆ ಬಿಗಿಯುತ್ತದೆ, ನೈಲಾನು ನೆನೆದರೆ ಸಡಿಲುತ್ತದೆ.

“ಒಂದ್ ಮೈಲಿ ಹೋಗಿ ನಿಂತು ಮತ್ತೊಮ್ಮೆ ಜಗ್ಗಿ ನೋಡ್ರಿ. ಮನಿ ಮುಟ್ಟಿದ ಕೂಡ್ಲೆ ಬಿಚ್ಚರಿ. ಹೊಸಾ ಬಣ್ಣ ಐತಿ, ಮುಚ್ಚಿಟ್ರ ಒಳಗ ಬೆವತು ಕಲಿ ಬೀಳತೈತಿ.” ದುಡ್ಡು ಕೊಡಲು ಹೋದರೆ ಕೈ ಹಿಂದಕ್ಕೆ ಎಳೆದುಕೊಂಡರು. ಅಕ್ಷರಗಳ ಕಡೆ ಬೊಟ್ಟು ಮಾಡಿ, “ಈ ಜೀಪಿನ ಹಿಂದ ಹ್ಯಾಂಡ್‌ಬಿಲ್ ಆರಿಸಾಕ ನಾ ಓಡೇನ್ರಿ” ಎಂದರು. ನನ್ನ ಗಂಟಲು ಕಟ್ಟಿತು.

ಹಾವೇರಿ ತಲುಪುವವರೆಗೂ ಮಳೆ ಬಿಡಲಿಲ್ಲ. ಅಕ್ಷರಗಳ ಮೇಲೆ ನೀರು ಧಾರಾಳವಾಗಿ ಹರಿಯಿತು, ಒಂದು ಚಕ್ಕೆಯೂ ಏಳಲಿಲ್ಲ. ನಾನು ಕಾಲಿನಿಂದ ತಲೆಯವರೆಗೆ ತೊಪ್ಪೆಯಾಗಿದ್ದೆ.

ಗ್ಯಾರೇಜಿಗೆ ಹೋಗುವ ಮುಂಚೆ ಮನೆ ಮುಂದೆ ನಿಲ್ಲಿಸಿ ತಾಡಪತ್ರಿ ಬಿಚ್ಚುತ್ತಿದ್ದೆ. ಅವ್ವ ಕೋಲೂರಿಕೊಂಡು ಹೊರಗೆ ಬಂದಳು. ಮೂವತ್ತೆಂಟು ವರ್ಷ ಆ ಜೀಪಿನ ಕಡೆ ನೆಟ್ಟಗೆ ನೋಡದವಳು ಎಡಗಡೆ ಬಂದು ನಿಂತು, ಕಣ್ಣು ಕಿರಿದು ಮಾಡಿ ಓದಿದಳು.

“ರಿ ಎಲ್ಲಿ ಹೋತೋ?”

ನಡೆದದ್ದು ಹೇಳಿದೆ. “ತಪ್ಪಾತು ಬೇ. ನಾಳೆನ ಪೇಂಟರನ್ನ ಕರಸಿ ಬರಸ್ತೀನಿ” ಎಂದೆ.

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಬ್ಯಾಡ ಬಿಡು. ನಿಮ್ಮಪ್ಪ ಮಂದಿಗೆಲ್ಲ ರಿ ಹಚ್ಚಿ ಕೂಗಿದ. ನನಗ ಯಾವತ್ತರ ಹಚ್ಚಿದ್ದನೇನು? ಈಗ ಇದು ನನಗ ಬರದಂಗ ಆತು.”

ಆಮೇಲೆ ಕೋಲು ನನ್ನ ಕೈಗೆ ಕೊಟ್ಟಳು. “ಹಿಡಿ. ಹತ್ತತೀನಿ.” ತಮ್ಮ ಒಂದು ಕಡೆ, ನಾನು ಒಂದು ಕಡೆ ಹಿಡಿದು ಹತ್ತಿಸಿದೆವು. ಸೀಟನ್ನು ಅಂಗೈಯಿಂದ ಸವರಿ ನೋಡಿದಳು. “ಒಣಾನ ಐತಿ” ಎಂದು ಕೂತಳು.

ಎಂಜಿನ್ ಮುಂದಿನ ತಿಂಗಳೇ ಉಸಿರಾಡಿತು. ಅಕ್ಷರಗಳು ಹಾಗೇ ಇವೆ, ‘ಇಂದೇ ನೋಡಿ’ ಎಂದು. ಹುಡ್ ಹೊಲಿಯುವ ಆ ಪುಣ್ಯಾತ್ಮ ಮಾತ್ರ ಇವತ್ತಿಗೂ “ನಾಳೆ ಬರ್ರಿ” ಎನ್ನುತ್ತಲೇ ಇದ್ದಾನೆ!