ನುಗ್ಗೇಹಳ್ಳಿ: ಗುಡಿಯೂ ಬೀದಿಯೂ

ಬೆಂಗಳೂರಿನಿಂದ ಹಾಸನದ ಕಡೆಗೆ ಹೊರಟ ಪ್ರವಾಸಿಗರಲ್ಲಿ ಬಹುಮಂದಿಗೆ ಚನ್ನರಾಯಪಟ್ಟಣವೆಂದರೆ ಕಾಫಿಗಾಗಿ ಇಳಿಯುವ ಒಂದು ತಂಗುದಾಣ ಮಾತ್ರ. ಗೊಮ್ಮಟನ ದರ್ಶನಕ್ಕೆ ಹೋಗುವವರು ಎಡಕ್ಕೆ, ಶ್ರವಣಬೆಳಗೊಳದ ಕಡೆಗೆ ತಿರುಗುತ್ತಾರೆ. ಬೇಲೂರು ಹಳೇಬೀಡುಗಳನ್ನು ಮನಸ್ಸಿನಲ್ಲಿಟ್ಟುಕೊಂಡವರು ಹೆದ್ದಾರಿಯನ್ನು ಬಿಡದೆ ಮುಂದೆ ಸಾಗುತ್ತಾರೆ. ಬಲಕ್ಕೆ ತಿರುಗಿ ತಿಪಟೂರಿನ ಹಾದಿಯನ್ನು ಹಿಡಿಯುವವರಲ್ಲಿ ಹೆಚ್ಚಿನವರು ಕೊಬ್ಬರಿಯ ವ್ಯಾಪಾರಿಗಳು, ಇಲ್ಲವೇ ನೆಂಟರ ಮನೆಗೆ ಹೊರಟವರು. ಆದರೆ ಆ ಹಾದಿಯಲ್ಲಿಯೇ, ತೆಂಗಿನ ತೋಟಗಳ ನಡುವೆ, ಏಳುನೂರ ಎಪ್ಪತ್ತು ವರ್ಷಗಳಿಗೂ ಮಿಕ್ಕಿದ ಎರಡು ಗುಡಿಗಳನ್ನು ತನ್ನ ಮಡಿಲಿನಲ್ಲಿ ಇರಿಸಿಕೊಂಡ ನುಗ್ಗೇಹಳ್ಳಿ ಎಂಬ ಊರಿದೆ.

ಹಾಸನದಿಂದ ಸುಮಾರು 50 ಕಿಲೋಮೀಟರು ದೂರದಲ್ಲಿರುವ ಈ ಊರು ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಹೋಬಳಿಯ ಕೇಂದ್ರ. ಪೇಟೆಯೆನ್ನಲು ಚಿಕ್ಕದು, ಹಳ್ಳಿಯೆನ್ನಲು ದೊಡ್ಡದು. ಸುತ್ತಣ ಗ್ರಾಮಗಳ ರೈತರು ಪಹಣಿಗಾಗಿ, ಗೊಬ್ಬರಕ್ಕಾಗಿ, ಔಷಧಕ್ಕಾಗಿ ಬಂದು ಹೋಗುವ ಸ್ಥಳ. ನಾಡಿನ ಬೇರೆ ಹೋಬಳಿಗಳಂತೆ ಇಲ್ಲಿಯೂ ಹೆಂಚಿನ ಮಾಡುಗಳ ನಡುವೆ ಸಿಮೆಂಟಿನ ತಾರಸಿಗಳು ಎದ್ದಿವೆ. ಬೀದಿಯಲ್ಲಿ ನಡೆದು ಬರುವವನಿಗೆ ಕಲ್ಲಿನ ಗೋಪುರವೂ ನೀರಿನ ಪ್ಲಾಸ್ಟಿಕ್ ತೊಟ್ಟಿಯೂ ಒಂದೇ ಆಕಾಶದಲ್ಲಿ ಕಾಣಿಸಿಕೊಳ್ಳುತ್ತವೆ. ಇದನ್ನು ಕಂಡು ಮೂಗು ಮುರಿಯುವುದು ಸುಲಭ. ಆದರೆ ಈ ಎರಡೂ ಒಂದೇ ಕಡೆ ಇರುವುದಕ್ಕೆ ಕಾರಣವೇನೆಂದು ಯೋಚಿಸಿದರೆ, ನುಗ್ಗೇಹಳ್ಳಿಯ ಕಥೆ ಅಲ್ಲಿಂದಲೇ ಆರಂಭವಾಗುತ್ತದೆ.

ದಂಡನಾಯಕನ ಹೊಸ ಊರು

ಕ್ರಿ.ಶ. 1246. ಹೊಯ್ಸಳ ವೀರಸೋಮೇಶ್ವರನ ಆಳ್ವಿಕೆ. ದೊರೆಯ ದೃಷ್ಟಿ ಆಗ ದಕ್ಷಿಣದ ತಮಿಳು ಸೀಮೆಯ ಮೇಲಿತ್ತು. ಶ್ರೀರಂಗದ ಬಳಿಯ ಕಣ್ಣಾನೂರು ಅವನ ಬೀಡಾಗಿತ್ತು. ಇತ್ತ ಅವನ ದಂಡನಾಯಕನಾದ ಬೊಮ್ಮಣ್ಣನು ವಿಜಯಸೋಮನಾಥಪುರವೆಂಬ ಅಗ್ರಹಾರದಲ್ಲಿ ವಿಷ್ಣುವಿಗೆ ಒಂದು ಗುಡಿಯನ್ನು ಕಟ್ಟಿಸಿದನು. ಮೂರು ವರ್ಷಗಳ ತರುವಾಯ, 1249ರಲ್ಲಿ, ಅದೇ ಊರಿನಲ್ಲಿ ಸದಾಶಿವನ ಗುಡಿಯೂ ಎದ್ದಿತು. ಆ ವಿಜಯಸೋಮನಾಥಪುರವೇ ಇಂದಿನ ನುಗ್ಗೇಹಳ್ಳಿ.

ಇಂದು ನಾವು ಪ್ರಾಚೀನವೆಂದು ಕೈಮುಗಿಯುವ ಈ ಊರು ಅಂದು ಹೊಸತಾಗಿತ್ತು. ಗುಡಿ ಎದ್ದಾಗ ಅದರ ಸುತ್ತ ಮನೆಗಳೂ ಎದ್ದವು. ಅರ್ಚಕನಿಗೆ, ವಿದ್ವಾಂಸನಿಗೆ, ಗಾಣಿಗನಿಗೆ, ಹೂವಾಡಿಗನಿಗೆ ಎಲ್ಲರಿಗೂ ಅಲ್ಲಿ ನೆಲೆ ಬೇಕಾಗಿತ್ತು. ದೀಪಕ್ಕೆ ಎಣ್ಣೆ ಒದಗಿಸುವವರಿಲ್ಲದೆ, ಹೊತ್ತಿಗೆ ನೈವೇದ್ಯ ಮಾಡುವವರಿಲ್ಲದೆ ಯಾವ ಗುಡಿಯೂ ಗುಡಿಯಾಗಿ ಉಳಿಯದು. ಗುಡಿಯೂ ಬೀದಿಯೂ ಒಂದೇ ಬಸಿರಿನಲ್ಲಿ ಹುಟ್ಟಿದವು. ಒಂದನ್ನು ಉಳಿಸುವುದಕ್ಕಾಗಿ ಮತ್ತೊಂದನ್ನು ಮರೆಯುವುದು ನಮ್ಮ ಕಾಲದ ಮಾತು.

ಎರಡು ಕೈಗಳ ಕೆಲಸ

ಲಕ್ಷ್ಮೀನರಸಿಂಹ ದೇವಾಲಯವು ತ್ರಿಕೂಟ. ನಡುವಣ ಗರ್ಭಗುಡಿಯಲ್ಲಿ ಕೇಶವ, ಎರಡು ಬದಿಗಳಲ್ಲಿ ವೇಣುಗೋಪಾಲ ಮತ್ತು ಲಕ್ಷ್ಮೀನರಸಿಂಹ. ಮುಖ್ಯ ಸ್ಥಾನ ಕೇಶವನದಾದರೂ ಗುಡಿಯ ಹೆಸರು ನರಸಿಂಹನದು. ಶಿಲ್ಪಶಾಸ್ತ್ರದ ಲೆಕ್ಕ ಒಂದಾದರೆ ಭಕ್ತರ ನಾಲಗೆಯ ಲೆಕ್ಕ ಇನ್ನೊಂದು.

ಗುಡಿಯ ಸುತ್ತ ಅದರ ಮೈಕಟ್ಟನ್ನೇ ಅನುಸರಿಸಿ ಸಾಗುವ ಜಗತಿಯ ಮೇಲೆ ಪ್ರದಕ್ಷಿಣೆ ಬರುವವನ ಕಾಲು ಹೆಜ್ಜೆಹೆಜ್ಜೆಗೂ ತಡೆಯುತ್ತದೆ. ಕೆಳಗೆ ಆನೆಗಳ ಸಾಲು, ಅದರ ಮೇಲೆ ಕುದುರೆಯ ಸವಾರರು, ಬಳ್ಳಿಯ ಸುರುಳಿಗಳು, ಪುರಾಣ ಕಥೆಗಳ ಪಟ್ಟಿಕೆ, ಮಕರಗಳು, ಎಲ್ಲಕ್ಕೂ ಮೇಲೆ ಹಂಸಗಳು. ಈ ಆರು ಪಟ್ಟಿಕೆಗಳ ಮೇಲೆ, ಬಳ್ಳಿಗಳ ನೆರಳಿನಲ್ಲಿ ನಿಂತ ದೇವದೇವಿಯರ ದೊಡ್ಡ ವಿಗ್ರಹಗಳು. ಬಳಪದ ಕಲ್ಲು ಗಣಿಯಿಂದ ಬಂದಾಗ ಮೃದು. ಗಾಳಿಗೆ ಒಡ್ಡಿದ ಮೇಲೆ ಬರಬರುತ್ತ ಗಟ್ಟಿಯಾಗುತ್ತದೆ. ಬೆರಳಿನ ಉಗುರೂ ಕೊರಳ ಹಾರದ ಮಣಿಯೂ ಬೇರೆಬೇರೆಯಾಗಿ ಕಾಣುವಂತೆ ಕೆತ್ತಲು ಅಂದಿನ ಶಿಲ್ಪಿಗಳಿಗೆ ಸಾಧ್ಯವಾದದ್ದು ಈ ಗುಣದಿಂದಲೇ.

ಹೊಯ್ಸಳರ ನಾಡಿನಲ್ಲಿ ಶಿಲ್ಪಿ ಹೆಸರಿಲ್ಲದ ಕೂಲಿಕಾರನಾಗಿರಲಿಲ್ಲ. ವಿಗ್ರಹದ ಕೆಳಗೆ ತನ್ನ ಹೆಸರನ್ನು ಕೊರೆಯುವ ಅಭಿಮಾನ ಅವನಿಗಿತ್ತು. ನುಗ್ಗೇಹಳ್ಳಿಯಲ್ಲಿ ಹೀಗೆ ಉಳಿದಿರುವ ಹೆಸರುಗಳಲ್ಲಿ ಎರಡು ಪ್ರಸಿದ್ಧವಾದವು: ನಂದಿಯ ಬೈಚೋಜ ಮತ್ತು ಮಲ್ಲಿತಮ್ಮ. ತೆಂಕಣ ಪಕ್ಕದಲ್ಲಿ ಬೈಚೋಜನ ಕೈ, ಬಡಗಣ ಪಕ್ಕದಲ್ಲಿ ಮಲ್ಲಿತಮ್ಮನ ಕೈ ಎಂದು ಬಲ್ಲವರು ಗುರುತಿಸುತ್ತಾರೆ. ಒಂದೇ ಗುಡಿಯ ಎರಡು ಗೋಡೆಗಳ ಮೇಲೆ ಇಬ್ಬರು ಸಮರ್ಥರು ಎದುರುಬದುರಾಗಿ ಪಂತ ಕಟ್ಟಿದಂತಿದೆ. ಮಕ್ಕಳನ್ನು ಕರೆದುಕೊಂಡು ಹೋದ ತಂದೆತಾಯಿಯರು ಈ ಭೇದವನ್ನು ಹುಡುಕಲು ಅವರಿಗೆ ಹೇಳಿದರೆ ಒಂದು ಗಂಟೆಯ ಹೊತ್ತು ಯಾರೂ ಬೇಸರಪಡರು.

ಇಷ್ಟಾಗಿ, ಮುಂದಿನಿಂದ ನೋಡುವವನಿಗೆ ಗುಡಿಯ ಈ ಸೊಬಗು ತಟ್ಟನೆ ತೋರದು. ಮೂಲ ಗುಡಿ ಚಿಕ್ಕದು. ಮುಂದಿನ ಕಾಲದವರು ಅದಕ್ಕೊಂದು ದೊಡ್ಡ ತೆರೆದ ಮಂಟಪವನ್ನು ಸೇರಿಸಿದರು. ಕಲೆಯ ಅಭ್ಯಾಸಿಗೆ ಆ ಮಂಟಪ ಅಡ್ಡಿಯೆಂದು ತೋರಬಹುದು. ಆದರೆ ಜನ ಸೇರುವುದಕ್ಕೆ ಒಂದು ನೆರಳು ಬೇಕೆಂದು ಕಂಡವರು ಅದನ್ನು ಕಟ್ಟಿದರು. ಕಟ್ಟುವಾಗ ಬೈಚೋಜನ ಗೋಡೆಯನ್ನಾಗಲಿ ಮಲ್ಲಿತಮ್ಮನ ಗೋಡೆಯನ್ನಾಗಲಿ ಅಳಿಸಲಿಲ್ಲ. ಹೊಸತನ್ನು ಸೇರಿಸುವವನಿಗೆ ಇರಬೇಕಾದ ಅಳತೆಯ ಪಾಠ ಈ ಒಂದು ಮಂಟಪದಲ್ಲಿದೆ.

ಸದಾಶಿವನ ಗುಡಿಯ ರೀತಿಯೇ ಬೇರೆ. ಅಲ್ಲಿ ವಿಗ್ರಹಗಳ ಸಂದಣಿಯಿಲ್ಲ. ನಕ್ಷತ್ರದಾಕಾರದ ತಳ, ಅದರ ಕೋನಗಳನ್ನೇ ಎತ್ತಿಕೊಂಡು ಮೇಲೇರುವ ಔತ್ತರೇಯ ಶೈಲಿಯ ಶಿಖರ. ಗೆರೆಗಳಿಂದಲೇ ಚೆಲುವನ್ನು ಸಾಧಿಸಿದ ಕಟ್ಟಡವದು. ಒಬ್ಬನೇ ದಂಡನಾಯಕನು ಮೂರೇ ವರ್ಷಗಳ ಅಂತರದಲ್ಲಿ ಇಷ್ಟು ಭಿನ್ನವಾದ ಎರಡು ಗುಡಿಗಳನ್ನು ಕಟ್ಟಿಸಿದನೆಂಬುದು ಅವನ ಅಭಿರುಚಿಯ ಹರಹಿಗೆ ಸಾಕ್ಷಿ.

ನೂರು ಮೀಟರಿನ ಗೆರೆ

ಎರಡು ಗುಡಿಗಳೂ ಇಂದು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿವೆ. ಈ ರಕ್ಷಣೆಗೆ ಆಧಾರವಾದ ಕಾಯಿದೆ 1958ರದು. 1992ರ ಜೂನ್ 16ರ ಅಧಿಸೂಚನೆಯೊಂದು ರಕ್ಷಿತ ಸ್ಥಳದ ಎಲ್ಲೆಯಿಂದ 100 ಮೀಟರಿನವರೆಗಿನ ನೆಲವನ್ನು ನಿಷೇಧಿತ ಪ್ರದೇಶವೆಂದೂ, ಅದರಾಚೆಯ 200 ಮೀಟರನ್ನು ನಿಯಂತ್ರಿತ ಪ್ರದೇಶವೆಂದೂ ಸಾರಿತು. 2010ರ ತಿದ್ದುಪಡಿಯು ಈ ಗೆರೆಗಳನ್ನು ಕಾಯಿದೆಯಲ್ಲಿಯೇ ನೆಲೆಗೊಳಿಸಿ ಬಿಗಿಮಾಡಿತು. ಒಳಗಣ ವಲಯದಲ್ಲಿ ಹೊಸ ಕಟ್ಟಡ ಕೂಡದು. 1992ರ ಆ ದಿನಕ್ಕೆ ಮುಂಚೆ ಇದ್ದ ಮನೆಯನ್ನು ಅನುಮತಿ ಪಡೆದು ದುರಸ್ತಿ ಮಾಡಬಹುದು. ಕೆಡವಿ ಹೊಸದಾಗಿ ಕಟ್ಟುವಂತಿಲ್ಲ. ಹೊರಗಣ ವಲಯದಲ್ಲಿ ಕಟ್ಟುವುದಕ್ಕೂ ಅನುಮತಿ ಬೇಕು. ಮೀರಿದವನಿಗೆ ಎರಡು ವರ್ಷಗಳವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಈ ಕಟ್ಟುಪಾಡಿನ ಹಿಂದಿನ ಆತಂಕ ಸುಳ್ಳಲ್ಲ. ಹಳೆಯ ಗುಡಿಯ ಗೋಡೆಗೆ ಆತುಕೊಂಡು ಅಡಿಪಾಯ ತೋಡಿದರೆ ನೆಲ ಜಗ್ಗಬಹುದು. ಮಳೆಯ ನೀರಿನ ದಾರಿ ತಪ್ಪಿ ಜಗತಿಯ ಬುಡಕ್ಕೆ ಇಳಿಯಬಹುದು. ನಾಲ್ಕು ಅಂತಸ್ತಿನ ಕಟ್ಟಡವೊಂದು ಎದ್ದರೆ ಗೋಪುರವೇ ಮರೆಯಾಗಬಹುದು. ಒಮ್ಮೆ ಕಳೆದುಕೊಂಡ ಮೇಲೆ ಮಲ್ಲಿತಮ್ಮನನ್ನು ಕರೆತಂದು ಮತ್ತೆ ಕೆತ್ತಿಸಲಾಗದು.

ಆದರೂ ಕಾಯಿದೆಯ ಗೆರೆಗೆ ಊರಿನ ಗಾತ್ರ ತಿಳಿಯದು. ಮಹಾನಗರದಲ್ಲಿ 100 ಮೀಟರೆಂದರೆ ಒಂದು ರಸ್ತೆಯ ತುಣುಕು. ಸಣ್ಣ ಊರಿನಲ್ಲಿ ಅದು ಒಂದೆರಡು ಪೂರ್ಣ ಕೇರಿ. ಅಂಥ ಕೇರಿಯ ಒಬ್ಬ ಗೃಹಸ್ಥನನ್ನು ಊಹಿಸಿಕೊಳ್ಳಬಹುದು. ಅಜ್ಜನ ಕಾಲದ ಮಣ್ಣಿನ ಗೋಡೆಯ ಮನೆ. ಮಗನಿಗೆ ಮದುವೆ ನಿಶ್ಚಯವಾಗಿದೆ. ಸೊಸೆ ಬರುವ ಹೊತ್ತಿಗೆ ಮಾಳಿಗೆಯ ಮೇಲೊಂದು ಕೋಣೆ, ಒಂದು ಬಚ್ಚಲುಮನೆ ಬೇಕು. ಗುಡಿಯ ಮೇಲೆ ಅವನಿಗೇನು ದ್ವೇಷ? ದಿನವೂ ಆ ಗುಡಿಯ ಗಂಟೆಯನ್ನು ಕೇಳಿಯೇ ಎದ್ದವನು. ಅವನ ನಾಮಕರಣವೂ ಅಲ್ಲಿಯೇ ಆದದ್ದು. ಆದರೆ ದೇವರ ನೆರೆಯಲ್ಲಿ ಹುಟ್ಟಿದ್ದೇ ತೊಡಕಾಯಿತೇ ಎಂಬ ಪ್ರಶ್ನೆ ಅವನ ಮನಸ್ಸಿನಲ್ಲಿ ಏಳುತ್ತದೆ. ದೂರದ ಕಚೇರಿಗೆ ಅರ್ಜಿ ಹಿಡಿದು ಅಲೆಯಲು ಶಕ್ತಿಯಿಲ್ಲದವನು ಒಂದೋ ರಾತ್ರೋರಾತ್ರಿ ಗಾರೆ ಕಲಸುತ್ತಾನೆ, ಇಲ್ಲವೇ ಮನೆಗೆ ಬೀಗ ಹಾಕಿ ಊರ ಹೊರಗಿನ ಬಡಾವಣೆಗೋ ಬೆಂಗಳೂರಿಗೋ ಹೊರಟುಹೋಗುತ್ತಾನೆ. ಮೊದಲನೆಯದರಿಂದ ಗುಡಿಗೆ ಕೇಡು. ಎರಡನೆಯದರಿಂದ ಬೀದಿಗೆ ಕೇಡು.

ಬೀದಿ ಬರಿದಾದಾಗ

ಬೀದಿಯಿಲ್ಲದ ಗುಡಿ ಹೇಗಿರುತ್ತದೆಂಬುದಕ್ಕೆ ನಾಡಿನಲ್ಲಿಯೇ ಉದಾಹರಣೆಯುಂಟು. ಮಲ್ಲಿತಮ್ಮನ ಉಳಿಯೇ ಕೆಲಸ ಮಾಡಿದ ಸೋಮನಾಥಪುರದ ಕೇಶವ ದೇವಾಲಯ ಹದಿಮೂರನೆಯ ಶತಮಾನದ್ದು. ಸುತ್ತ ಅಚ್ಚುಕಟ್ಟಾದ ಹುಲ್ಲುಹಾಸು, ಬಾಗಿಲಲ್ಲಿ ಟಿಕೆಟಿನ ಕಟ್ಟೆ. ವಿಗ್ರಹಗಳು ಭಿನ್ನವಾದುದರಿಂದ ಒಳಗೆ ಪೂಜೆಯಿಲ್ಲ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡುಗಳೊಡನೆ ಅದು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿತು. ಆ ಗೌರವ ಅದಕ್ಕೆ ಸಲ್ಲತಕ್ಕದ್ದೇ. ಆದರೂ ಸಂಜೆ ಬಾಗಿಲು ಮುಚ್ಚಿದ ಮೇಲೆ ಅಲ್ಲಿ ಉಳಿಯುವುದು ಕಲ್ಲು ಮಾತ್ರ.

ಹಂಪೆಯ ಕಥೆ ಇದಕ್ಕಿಂತ ನೋವಿನದು. 1986ರಲ್ಲಿ ಯುನೆಸ್ಕೋದ ಪಟ್ಟಿಗೆ ಸೇರಿದ ಹಂಪೆ, 1999ರಿಂದ 2006ರವರೆಗೆ ಅಪಾಯದಲ್ಲಿರುವ ತಾಣಗಳ ಸಾಲಿನಲ್ಲಿತ್ತು. ವಿರೂಪಾಕ್ಷನ ಗುಡಿಯ ಮುಂದಣ ಬಜಾರಿನ ಕಲ್ಲುಮಂಟಪಗಳಲ್ಲಿ ಮನೆ, ಅಂಗಡಿ, ಊಟದ ಹೋಟೆಲುಗಳು ಬೆಳೆದುಕೊಂಡಿದ್ದವು. 2011ರ ಜುಲೈಯಲ್ಲಿ ಅವುಗಳನ್ನು ಕೆಡವಿ ತೆರವುಗೊಳಿಸಲಾಯಿತು. ಕುಟುಂಬಗಳಿಗೆ ಕಡ್ಡಿರಾಂಪುರದ ಬಳಿ ಬೇರೆ ನಿವೇಶನದ ಏರ್ಪಾಡಾಯಿತು. ಮಂಟಪಗಳಿಗೆ ಗೋಡೆ ಸೇರಿಸಿ ಅವನ್ನು ಕೆಡಿಸಿದ್ದು ತಪ್ಪೆಂಬುದು ನಿಜ. ಆದರೆ ವರ್ಷಗಟ್ಟಲೆ ಕಂಡೂ ಕಾಣದಂತಿದ್ದು, ಕೊನೆಗೊಂದು ಬೆಳಗ್ಗೆ ಯಂತ್ರವನ್ನು ಕಳುಹಿಸುವುದು ರಕ್ಷಣೆಯ ಉತ್ತಮ ಮಾರ್ಗವಲ್ಲವೆಂಬುದೂ ಅಷ್ಟೇ ನಿಜ.

ನುಗ್ಗೇಹಳ್ಳಿ ಈ ಎರಡಕ್ಕೂ ಇನ್ನೂ ಸಿಕ್ಕಿಲ್ಲ. ವಿಶ್ವಪರಂಪರೆಯ ಪಟ್ಟಿಯಲ್ಲಿ ಅದರ ಹೆಸರಿಲ್ಲ; ಬಸ್ಸುಗಟ್ಟಲೆ ಪ್ರವಾಸಿಗರೂ ಇಲ್ಲ. ನರಸಿಂಹನಿಗೆ ಪೂಜೆಯುಂಟು, ಸುತ್ತಲೂ ಜನವುಂಟು. 2017ರಿಂದ ಬೆಂಗಳೂರು-ಹಾಸನ ರೈಲು ಶ್ರವಣಬೆಳಗೊಳ, ಚನ್ನರಾಯಪಟ್ಟಣಗಳ ಮೂಲಕ ಓಡುತ್ತಿದೆ, ಹೆದ್ದಾರಿಯೂ ಅಗಲವಾಗಿದೆ. ಇಂದಲ್ಲ ನಾಳೆ ಈ ತಾಲ್ಲೂಕಿನ ನಿವೇಶನಗಳ ಬೆಲೆ ಏರುವುದು ತಪ್ಪದು. ಯೋಚಿಸಬೇಕಾದ ಕಾಲ ಅದಕ್ಕೆ ಮುಂಚಿನದು, ಎಂದರೆ ಈಗಿನದು.

ದಾರಿ ಇಲ್ಲದಿಲ್ಲ. ಪ್ರತಿಯೊಂದು ರಕ್ಷಿತ ಸ್ಮಾರಕಕ್ಕೂ ಅದರ ಪರಿಸರಕ್ಕೆ ತಕ್ಕ ಉಪವಿಧಿಗಳನ್ನು ರಚಿಸಬೇಕೆಂದು 2010ರ ತಿದ್ದುಪಡಿಯೇ ಹೇಳುತ್ತದೆ. 100 ಮೀಟರಿನ ನಿಷೇಧವನ್ನು ಉಪವಿಧಿ ಸಡಿಲಿಸಲಾರದು. ಆದರೆ ಮನೆಯ ಎತ್ತರ ಎಷ್ಟಿರಬೇಕು, ಮಾಡು ಹೇಗಿರಬೇಕು, ಚರಂಡಿ ಎತ್ತ ಹರಿಯಬೇಕು ಎಂಬುದನ್ನು ಅದು ಊರಿನವರಿಗೆ ತಿಳಿಯುವ ಕನ್ನಡದಲ್ಲಿ ಮುಂಚೆಯೇ ಹೇಳಬಲ್ಲದು. ಹಳೆಯ ಮನೆಯ ದುರಸ್ತಿಗೆ ಬರೆದ ಅರ್ಜಿಗೆ ಹೋಬಳಿಯಲ್ಲಿಯೇ ಉತ್ತರ ದೊರೆಯುವಂತಾದರೆ ಗೃಹಸ್ಥನಿಗೆ ರಾತ್ರಿಯ ಗಾರೆ ಬೇಕಾಗದು. ಹೆಂಚಿನ ಮಾಡನ್ನೂ ಜಗುಲಿಯನ್ನೂ ಉಳಿಸಿಕೊಂಡವನಿಗೆ ಸರ್ಕಾರ ಒಂದಿಷ್ಟು ಸಹಾಯಧನವನ್ನು ನೀಡಿದರೆ, ಗುಡಿಗೆ ವೆಚ್ಚಮಾಡಿದ ಹಣದಷ್ಟೇ ಅದೂ ಸಾರ್ಥಕ. ನಿಷೇಧಿಸುವ ಕೈ ಕೊಡುವುದನ್ನೂ ಕಲಿತಾಗ ಮಾತ್ರ ಊರು ಗುಡಿಗೆ ಕಾವಲಾಗುತ್ತದೆ.

ಸಂಜೆಯ ಹೊತ್ತಿಗೆ ಗೋಪುರದ ನೆರಳು ಊರಿನ ಮೇಲೆ ಉದ್ದವಾಗಿ ಚಾಚಿಕೊಳ್ಳುತ್ತದೆ. ಅದರ ಬುಡದಲ್ಲಿ ಹೆಂಚಿನ ಮನೆಯೂ ಉಂಟು, ತಾರಸಿಯ ಮನೆಯೂ ಉಂಟು. ಮಂಗಳಾರತಿಯ ಗಂಟೆ ಎರಡೂ ಮನೆಗಳಿಗೆ ಒಂದೇ ಸಮನಾಗಿ ಕೇಳುತ್ತದೆ. ಬೊಮ್ಮಣ್ಣ ದಂಡನಾಯಕನು ಕಟ್ಟಿಸಿದ್ದು ಆ ಗಂಟೆಯನ್ನು ಕೇಳುವವರಿಗಾಗಿ. ಅವರೂ ಅಲ್ಲಿಯೇ ಉಳಿಯುವಂತಾದರೆ, ಮುಂದೆ ಎಂದೋ ಬಂದು ಮಲ್ಲಿತಮ್ಮನ ಗೋಡೆಯ ಮುಂದೆ ನಿಲ್ಲುವ ಮಗುವಿಗೆ ಆ ಗುಡಿಯ ಕಥೆಯನ್ನು ಹೇಳಲು ಊರಿನವರೇ ಒಬ್ಬರು ದೊರೆಯುತ್ತಾರೆ.