ಮೊದಲು ಕೇಳು, ಆಮೇಲೆ ಹೇಳು

ರಾಜಾಜಿನಗರದ ಅಡುಗೆಮನೆಗಳಲ್ಲಿ ಹಾಡುವ ಎಫ್.ಎಂ. ರೇಡಿಯೋದ ಮುಳ್ಳು 108 ಮೆಗಾಹರ್ಟ್ಸ್‌ಗೆ ಬಂದು ನಿಂತುಬಿಡುತ್ತದೆ. ಅದರಾಚೆ ಏನಿದೆಯೆಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅಲ್ಲಿಂದ ಮುಂದಿನದು ಆಕಾಶದವರ ಸೊತ್ತು. 118ರವರೆಗೆ ವಿಮಾನಗಳಿಗೆ ದಾರಿ ತೋರುವ ಸಂಕೇತಗಳು. 118ರಿಂದ 137ರವರೆಗೆ ಪೈಲಟ್‌ಗಳ ಮಾತುಕತೆ.

ಪಿ.ಯು.ಸಿ. ಮುಗಿಸಿದ ಮಗ ಪೈಲಟ್ ಆಗುತ್ತೇನೆಂದರೆ ತಂದೆ ಫೀಜು ಎಷ್ಟೆನ್ನುತ್ತಾರೆ, ತಾಯಿ ಅಪಾಯವಿಲ್ಲವೇ ಎನ್ನುತ್ತಾರೆ. ರೇಡಿಯೋದಲ್ಲಿ ಮಾತನಾಡಲೂ ಪರೀಕ್ಷೆ ಬರೆದು ಲೈಸೆನ್ಸ್ ಪಡೆಯಬೇಕೆಂದರೆ ಇಬ್ಬರಿಗೂ ನಗು. "ಬಾಯಿಬಡುಕನಿಗೆ ಮಾತಾಡೋಕೂ ಪರೀಕ್ಷೆಯೇನೋ?"

ಬೇಕು. ನಗರದ ಉತ್ತರಕ್ಕಿರುವ ಜಕ್ಕೂರನ್ನೇ ನೋಡಿ. 1940ರ ದಶಕದ ಕೊನೆಯಲ್ಲಿ ಸರ್ಕಾರಿ ವಿಮಾನ ಹಾರಾಟ ತರಬೇತಿ ಶಾಲೆ ಅಲ್ಲಿ ಶುರುವಾದಾಗ ಸುತ್ತಲೂ ಬಯಲು. ಈಗ ಪಕ್ಕದಲ್ಲೇ ಯಲಹಂಕದ ವಾಯುನೆಲೆ, ಇನ್ನೂ ಮುಂದೆ 2008ರಲ್ಲಿ ಆರಂಭವಾದ ದೇವನಹಳ್ಳಿಯ ವಿಮಾನ ನಿಲ್ದಾಣ. ಇಷ್ಟು ಕಿಕ್ಕಿರಿದ ಆಕಾಶದಲ್ಲಿ ಪುಟ್ಟ ವಿಮಾನಕ್ಕೆ ಕಣ್ಣಷ್ಟೇ ಕಿವಿಯೂ ಮುಖ್ಯ.

ವಿಮಾನದ ರೇಡಿಯೋ ಟೆಲಿಫೋನಿನಂತಲ್ಲ. ಒಂದು ತರಂಗಾಂತರದಲ್ಲಿ ಹಲವರಿರುತ್ತಾರೆ. ಒಮ್ಮೆಗೆ ಒಬ್ಬರೇ ಮಾತನಾಡಬೇಕು. ಗುಂಡಿ ಒತ್ತಿ ಮಾತನಾಡುವವನಿಗೆ ಆ ಹೊತ್ತು ಬೇರೆಯವರ ದನಿ ಕೇಳಿಸುವುದಿಲ್ಲ. ನಿಯಂತ್ರಣ ಗೋಪುರವಿಲ್ಲದ ಸಣ್ಣ ಓಡುದಾರಿಗಳಲ್ಲಿ ಪೈಲಟ್‌ಗಳು ತಾವೆಲ್ಲಿದ್ದೇವೆ, ಏನು ಮಾಡಲಿದ್ದೇವೆ ಎಂದು ತಾವೇ ಸಾರುತ್ತಾರೆ. ಅಮೆರಿಕದಲ್ಲಿ ಇಂಥ ಹಲವು ಊರುಗಳಿಗೆ ಒಂದೇ ತರಂಗಾಂತರ. ಆದ್ದರಿಂದ ಮಾತಿನ ಮೊದಲಿಗೊಮ್ಮೆ, ಕೊನೆಗೊಮ್ಮೆ ಊರಿನ ಹೆಸರು ಹೇಳುವುದು ಅಲ್ಲಿನ ರೂಢಿ.

ಹಾಡಿಗೆ ಎಫ್.ಎಂ. ಅಷ್ಟು ಚೆನ್ನಾಗಿರುವಾಗ ವಿಮಾನಗಳು ಇನ್ನೂ ಹಳೆಯ ಎ.ಎಂ. ಪದ್ಧತಿಗೇ ಏಕೆ ಅಂಟಿಕೊಂಡಿವೆ? ಎಫ್.ಎಂ.ನಲ್ಲಿ ಬಲವಾದ ದನಿ ದುರ್ಬಲ ದನಿಯನ್ನು ಪೂರ್ತಿ ನುಂಗಿಹಾಕುತ್ತದೆ. ಇನ್ನೊಬ್ಬ ಮಾತನಾಡಿದನೆಂಬುದೇ ತಿಳಿಯದು. ಎ.ಎಂ.ನಲ್ಲಿ ಇಬ್ಬರು ಒಟ್ಟಿಗೆ ಮಾತನಾಡಿದರೆ ಸಾಮಾನ್ಯವಾಗಿ ಕೀಚಲು ಸದ್ದು ಹುಟ್ಟುತ್ತದೆ. ಯಾರದೋ ಮಾತು ತಪ್ಪಿತು ಎಂಬ ಸುಳಿವು ಅದು.

ಆ ಸುಳಿವನ್ನು ಕಡೆಗಣಿಸಿದರೆ? 1977ರ ಮಾರ್ಚ್ 27ರಂದು ಕೆನರಿ ದ್ವೀಪಗಳ ಟೆನೆರಿಫ್‌ನಲ್ಲಿ ದಟ್ಟ ಮಂಜು. ಎರಡು ಜಂಬೋ ವಿಮಾನಗಳು ಒಂದೇ ರನ್‌ವೇಯಲ್ಲಿದ್ದವು. ಒಂದು ವಿಮಾನಕ್ಕೆ ಗೋಪುರ ಕಾಯುವಂತೆ ಹೇಳಿದ ಕ್ಷಣದಲ್ಲೇ ಇನ್ನೊಂದು ವಿಮಾನ ತಾನಿನ್ನೂ ರನ್‌ವೇಯಲ್ಲಿದ್ದೇನೆಂದು ತಿಳಿಸಿತು. ಎರಡು ಮಾತು ಡಿಕ್ಕಿ ಹೊಡೆದವು. ಹೊರಟಿದ್ದ ವಿಮಾನದವರಿಗೆ ಕೇಳಿಸಿದ್ದು ಬಹುಮಟ್ಟಿಗೆ ಕೀಚಲು ಸದ್ದು. ಅಲ್ಲಿದ್ದ ಫ್ಲೈಟ್ ಇಂಜಿನಿಯರ್, ಆ ವಿಮಾನ ಇನ್ನೂ ದಾರಿ ಬಿಟ್ಟಿಲ್ಲವೇ ಎಂದು ಅನುಮಾನದಿಂದ ಕೇಳಿದರು. ಬಿಟ್ಟಿದೆ ಎಂದರು ಕ್ಯಾಪ್ಟನ್. ಗೋಪುರವನ್ನು ಯಾರೂ ಮತ್ತೆ ಕೇಳಲಿಲ್ಲ. ಸತ್ತವರು 583 ಮಂದಿ.

ರೇಡಿಯೋ ಕಲಿಸುವ ಗುರುಗಳ ಪಾಠಗಳು ಸರಳವಾಗಿವೆ. ಗುಂಡಿ ಒತ್ತುವ ಮೊದಲು ಕಿವಿಗೊಡು. ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಜೋಡಿಸಿಕೋ. ಬಂದ ಆದೇಶವನ್ನು ತಿರುಗಿ ಒಪ್ಪಿಸು. ತಿಳಿಯದಿದ್ದರೆ 'ಸೇ ಅಗೇನ್', ಅಂದರೆ ಮತ್ತೊಮ್ಮೆ ಹೇಳಿ, ಎನ್ನು.

ಕಷ್ಟವಿರುವುದು ಈ ಕೊನೆಯ ಪಾಠದಲ್ಲಿ. ತರಗತಿಯಲ್ಲಿ "ಅರ್ಥವಾಯಿತೇ?" ಎಂದರೆ ಇಡೀ ಬೆಂಚು ತಲೆಯಾಡಿಸುತ್ತದೆ. ಮನೆಯಲ್ಲೂ ಎರಡನೇ ಸಲ ಕೇಳಿದ ಮಗುವಿಗೆ "ಕಿವಿ ಎಲ್ಲಿತ್ತು?" ಎಂಬ ಗದರಿಕೆ. ಆಕಾಶದಲ್ಲಿ ಮಾತ್ರ, ಮತ್ತೊಮ್ಮೆ ಕೇಳುವವನೇ ಜಾಣ. ಆ ಧೈರ್ಯವನ್ನು ನೆಲದ ಮೇಲೇ, ಎಳೆಯ ವಯಸ್ಸಿನಲ್ಲೇ ಕಲಿಸಿಟ್ಟರೆ ನಷ್ಟವೇನೂ ಇಲ್ಲ.